ಗಂಟೆಯ ಕೆಳಗೆ ಮುಚ್ಚಿದ ಮಾತು

ಕಾಕಾ ಬಗ್ಗೆ ಒಳ್ಳೆಯ ಮಾತು ಆಡುವವರು ಸೋಲಾಪುರದಲ್ಲಿ ಈಗಲೂ ಸಿಗುತ್ತಾರೆ. ಅವರ ಕಿವಿಯನ್ನು ಹೊಗಳುತ್ತಾರೆ, ಕೈಗುಣವನ್ನು ಹೊಗಳುತ್ತಾರೆ, ಅವರು ಕುಡಿಸುತ್ತಿದ್ದ ಶುಂಠಿ ಚಹಾವನ್ನೂ ಬಿಡುವುದಿಲ್ಲ. ಅದರಲ್ಲಿ ಒಂದು ಮಾತೂ ಸುಳ್ಳಲ್ಲ, ನನ್ನ ತೊಂದರೆ ಇರುವುದೇ ಅಲ್ಲಿ. ಮೋಸ ಮಾಡಿದವರು ಮೊದಲಿನಿಂದಲೂ ಕೆಟ್ಟವರಾಗಿದ್ದರೆ ಬೈದು ಕೈ ತೊಳೆದುಕೊಳ್ಳಬಹುದಿತ್ತು. ಇವರನ್ನು ಬೈಯಲು ಕೂತರೆ ಮೊದಲು ನೆನಪಾಗುವುದು ಆ ಚಹಾ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ, ಊರೆಲ್ಲ ಕರೆಯುತ್ತಿದ್ದಂತೆ ಕಾಕಾ ಎಂದೇ ಅನ್ನುತ್ತೇನೆ. ಹೆಸರಿನ ವಿಷಯದಲ್ಲಿ ಅವರು ನನಗೆ ಮಾಡಿದ್ದನ್ನೇ ನಾನು ಅವರಿಗೆ ಮಾಡುತ್ತಿದ್ದೇನೆ ಎಂದು ಬೇಕಾದರೆ ತಿಳಿಯಿರಿ.

ಹಳೆಯ ವಾಡೆಯೊಂದರ ಮಾಳಿಗೆಯ ಮೇಲೆ ಅವರ ರೆಕಾರ್ಡಿಂಗ್ ರೂಮು ಇತ್ತು. ಹೊರಗಿನ ಸದ್ದು ಬಾರದಿರಲೆಂದು ನಾಲ್ಕೂ ಗೋಡೆಗೆ ಸೋಲಾಪುರಿ ಚಾದರ ಬಡಿದಿದ್ದರು. ಹಾಡುವವರ ಕಣ್ಣೆದುರಿಗೆ ಯಾವಾಗಲೂ ಚಾದರದಲ್ಲಿ ನೆಯ್ದ ಒಂದು ನೀಲಿ ನವಿಲು. ಬೇಸಿಗೆಯಲ್ಲಿ ಫ್ಯಾನ್ ಹಚ್ಚುವಂತಿರಲಿಲ್ಲ, ಅದರ ಸದ್ದು ಮೈಕಿಗೆ ಬರುತ್ತದೆಂದು. ಬೆವರು ಒರೆಸಿಕೊಳ್ಳುತ್ತ ಹಾಡಬೇಕು. ಸೆರಗಿನಿಂದ ಗಾಳಿ ಹಾಕಿಕೊಂಡರೆ ಮಶೀನಿನ ಕಡೆಯಿಂದ ಅವರ ದನಿ ಬರುತ್ತಿತ್ತು: "ತಂಗಿ, ಸೀರಿ ಹಾಡಾಕತ್ತದ. ಅದಕ್ಕ ಸುಮ್ಮ ಕೂಡಂತ ಹೇಳು."

ಅವರ ನಿಜವಾದ ಆಸ್ತಿ ಮಾಳಿಗೆಯ ಮೇಲಿರಲಿಲ್ಲ, ವಾಡೆಯ ತಳಘರದಲ್ಲಿತ್ತು. ಕಲ್ಲಿನ ಗೋಡೆ, ಕಮಾನಿನ ಮಾಡು, ಒಳಗೆ ಏನೂ ಇಲ್ಲದ ಖಾಲಿ ಕೋಣೆ. ಮೇಲೆ ಹಾಡಿದ್ದನ್ನು ಅಲ್ಲಿ ಒಂದು ಸ್ಪೀಕರಿನಲ್ಲಿ ನುಡಿಸಿ, ಆ ಕಲ್ಲು ಕೊಡುವ ಮಾರ್ದನಿಯನ್ನು ಇನ್ನೊಂದು ಮೈಕಿನಲ್ಲಿ ಹಿಡಿದು, ಮತ್ತೆ ಹಾಡಿಗೆ ಚೂರೇ ಚೂರು ಬೆರೆಸುತ್ತಿದ್ದರು. ಮೀಟರಿನ ಮುಳ್ಳು ನೋಡುತ್ತಿರಲಿಲ್ಲ. "ಒಗ್ಗರಣಿ ಇದ್ದಂಗ ಇದು. ವಾಸನಿ ಬರಬೇಕು, ಸಾಸಿವಿ ಹಲ್ಲಿಗಿ ಸಿಗಬಾರದು" ಎನ್ನುತ್ತಿದ್ದರು.

ಕೇಳುವಾಗ ಅವರದೊಂದು ರೀತಿ ಇತ್ತು. ತಲೆಯ ಮೇಲಿನ ಕಪ್ಪು ಟೊಪ್ಪಿಗೆ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರೆ ಕೇಳಲು ಕೂತಿದ್ದಾರೆ ಎಂದು ಅರ್ಥ. ಹಾಡು ಮುಗಿದ ಮೇಲೆ ಅದನ್ನು ಸೀದಾ ತಲೆಗೆ ಹಾಕಿಕೊಂಡರೆ ಹಾಡು ಪಾಸು. ಟೊಪ್ಪಿಗೆಯನ್ನು ಬೆರಳಿನಿಂದ ಕೊಡವಿ, ಇಲ್ಲದ ಧೂಳು ತೆಗೆದು, ಆಮೇಲೆ ಹಾಕಿಕೊಂಡರೆ ನಾಪಾಸು. ಎಂಥೆಂಥ ಹಾಡುಗಾರರು ಆ ಟೊಪ್ಪಿಗೆಯ ಮೇಲೆ ಕಣ್ಣಿಟ್ಟು ಕೂತದ್ದನ್ನು ನಾನು ನೋಡಿದ್ದೇನೆ.

ನಾನು ಆಗ ಕೋರ್ಟಿನಲ್ಲಿ ಟೈಪಿಸ್ಟ್. ನಮ್ಮದು ತಲೆತಲಾಂತರದಿಂದ ಸೋಲಾಪುರದಲ್ಲೇ ಇದ್ದು ಕಚೇರಿ ಕೆಲಸ ಮಾಡಿಕೊಂಡು ಬಂದ ಮನೆ. ಓದಿದ್ದು ಮರಾಠಿ ಸಾಲೆಯಲ್ಲಿ, ಕನ್ನಡ ಅಕ್ಷರ ಕಲಿಸಿದವಳು ಅವ್ವ. ಅವ್ವನಿಗೆ ಹಾಡು ಕಟ್ಟುವ ಚಟವಿತ್ತು. ಅಡಿಗೆ ಮಾಡುತ್ತ ದೇವರ ಜೊತೆ ಜಗಳ ತೆಗೆಯುವುದು, ಅದೇ ಹಾಡಾಗುವುದು. ಒಂದು ಹಾಡು ಹೀಗೆ ಶುರುವಾಗುತ್ತಿತ್ತು:

*ಹಿಟ್ಟು ನಾದೂವಾಗ ಬಂದ್ಯಲ್ಲೋ ದೇವಾ,*
*ಕೈ ತೊಳಿಯೂತನಕ ನಿಲ್ಲೋ.*

ಓಣಿಯಲ್ಲಿ ಯಾರದೋ ಮನೆಯ ಅರಿಷಿಣ-ಕುಂಕುಮದಲ್ಲಿ ನಾನು ಇದನ್ನು ಹಾಡಿದ್ದನ್ನು ಕಾಕಾನ ಹೆಂಡತಿ ಕೇಳಿದರು. ಅವರು ನಮಗೆಲ್ಲ ಕಾಕು. ಕೈಹಿಡಿದು ವಾಡೆಗೆ ಕರೆದುಕೊಂಡು ಹೋದರು. ಮೈಕಿನ ಮುಂದೆ ನಿಂತವಳೇ ನಾನು ರೇಡಿಯೋದಲ್ಲಿ ಕೇಳಿದ ಹಾಗೆ ದನಿ ನಡುಗಿಸಿ, ಎಳೆದು ಹಾಡಿದೆ. ಕಾಕಾ ಟೊಪ್ಪಿಗೆ ತೆಗೆಯಲೇ ಇಲ್ಲ.

"ಇದು ಯಾರ ದನಿ ತಂದೀದಿ ತಂಗಿ? ನಿಂದು ಮನ್ಯಾಗ ಬಿಟ್ಟು ಬಂದಿ ಏನು?" ಎಂದರು. ನನಗೆ ಅಳು ಬಂತು. ಅವರೇ ಚಹಾ ತಂದುಕೊಟ್ಟರು. "ಕುಡಿ. ಕುಡದು, ನಿಮ್ಮವ್ವ ಒಲಿ ಮುಂದ ಹ್ಯಾಂಗ ಹಾಡ್ತಾಳ ಹಂಗ ಹಾಡು. ಯಾರಿಗೂ ಕೇಳಸೂದು ಬ್ಯಾಡ."

ಹಾಡಿದೆ. ಟೊಪ್ಪಿಗೆ ಮೊಣಕಾಲಿಗೆ ಬಂತು. ಹಾಡು ಮುಗಿದು ಎಷ್ಟೋ ಹೊತ್ತಿನ ತನಕ ಅಲ್ಲೇ ಇತ್ತು. ಆಮೇಲೆ ಮೆಲ್ಲಗೆ ತಲೆಗೆ ಏರಿತು. "ಈ ದನಿಗಿ ಏನೂ ಹಚ್ಚೂದು ಬ್ಯಾಡ. ತಳಘರನೂ ಬ್ಯಾಡ. ಹಚ್ಚಿದ್ರ ಹೊಲಸಾಗ್ತದ."

ನಮ್ಮ ಮನೆಯಲ್ಲಿ ಹಾಡಿಗೆ ಸಿಗುತ್ತಿದ್ದ ದೊಡ್ಡ ಮರ್ಯಾದೆ ಎಂದರೆ, ಸಾಕು ಮಾಡು, ಹಾಲು ಉಕ್ಕತದ ನೋಡು ಎನ್ನುವುದು. ಹಾಗಿರುವಾಗ ಈ ಮಾತು ನನ್ನ ತಲೆಗೆ ಏರಿತು ಎಂದರೆ ತಪ್ಪಿಲ್ಲ. ಟೈಪ್ ಮಾಡುವಾಗ, ಬಸ್ಸಿಗೆ ಕಾಯುವಾಗ, ಎಲ್ಲೆಂದರಲ್ಲಿ ಅದನ್ನು ನೆನೆಸಿಕೊಂಡು ಒಬ್ಬಳೇ ನಗುತ್ತಿದ್ದೆ. ಮದುವೆಗಳಲ್ಲಿ ಹಾಡುವ ಆರ್ಕೆಸ್ಟ್ರಾದವರು ಕರೆಯಲು ಬಂದರೆ ಒಲ್ಲೆ ಎಂದೆ, ಅಲ್ಲಿ ಮೈಕಿಗೆ ಎಕೋ ಹಚ್ಚುತ್ತಾರೆಂದು. ಅವ್ವ ಕೇಳಿದ್ದಕ್ಕೆ, "ನನ್ನ ದನಿಗಿ ಏನೂ ಹಚ್ಚಬಾರದಂತ, ಕಾಕಾ ಹೇಳ್ಯಾರ" ಎಂದು ಡೌಲು ಹೊಡೆದೆ.

ಮುಂದೆ ಸುಮಾರು ದಿನ, ರಜೆ ಸಿಕ್ಕಾಗಲೆಲ್ಲ ಹೋಗಿ ಅವ್ವನ ಹಾಡುಗಳನ್ನೆಲ್ಲ ಹಾಡಿ ಬಂದೆ. ಒಂದು ಕ್ಯಾಸೆಟ್ ಆಗುವಷ್ಟು ಹಾಡು ಕೂಡಿದವು. ಕ್ಯಾಸೆಟ್ ತರಲು ಒಪ್ಪಿದವರು ಚಾದರದ ವ್ಯಾಪಾರದ ಸಾವಕಾರರು. ಭಜನೆ ಕ್ಯಾಸೆಟ್ಟುಗಳ ಧಂದೆಯಲ್ಲೂ ಅವರಿಗೆ ಒಂದು ಕಾಲಿತ್ತು. ಕಾಕಾನ ರೂಮಿಗೆ ಕಂಪ್ಯೂಟರ್ ತಂದಿಟ್ಟವರೂ ಅವರೇ. ಕಾಕಾ ಅದಕ್ಕೆ ದಿನಾ ಬೆಳಿಗ್ಗೆ ಊದಿನಕಡ್ಡಿ ಬೆಳಗಿ, ಸಂಜೆ ಚಾದರ ಹೊಚ್ಚುತ್ತಿದ್ದರು. ಆ ವಯಸ್ಸಿನಲ್ಲಿ ಅದನ್ನು ಕಲಿತೂಬಿಟ್ಟರು. ಕಲಿಯುವುದರಲ್ಲಿ ಅವರಿಗೆ ನಾಚಿಕೆ ಇರಲಿಲ್ಲ.

ಹಾಡು ಗೆದ್ದಿತೋ ಇಲ್ಲವೋ ಎಂದು ನೋಡಲು ಕಾಕಾನದೊಂದು ಪದ್ಧತಿ ಇತ್ತು. ಹೊಸ ಹಾಡನ್ನು ಒಂದು ಕ್ಯಾಸೆಟ್ಟಿಗೆ ತುಂಬಿಕೊಂಡು ಗುರುವಾರ ಎಸ್‌ಟಿ ಬಸ್ಸು ಹಿಡಿದು ಅಕ್ಕಲಕೋಟಕ್ಕೆ ಹೋಗುವುದು. ಗುರುವಾರ ಅಲ್ಲಿ ಗುಡಿಗೆ ಬರುವ ಮಂದಿಗೆ ಲೆಕ್ಕವಿಲ್ಲ. ಗುಡಿಯ ಹಾದಿಯ ಕ್ಯಾಸೆಟ್ ಅಂಗಡಿಯೊಂದಕ್ಕೆ ಅದನ್ನು ಕೊಟ್ಟು, ಮಾಡಿಗೆ ಕಟ್ಟಿದ ಲೌಡ್‌ಸ್ಪೀಕರಿನ ಕರ್ಣದಲ್ಲಿ ಹಚ್ಚಲು ಹೇಳಿ, ಎದುರಿನ ಚಹಾದ ಅಂಗಡಿಯಲ್ಲಿ ಕೂಡುವುದು. ಮೋರೆ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದರು. "ಮಾರಿ ಸುಳ್ಳ ಹೇಳ್ತದ. ಕಾಲು ಹೇಳೂದಿಲ್ಲ. ಹಾಡು ಛಲೋ ಇತ್ತಂದ್ರ ನಡಿಯೂ ಕಾಲು ನಿಂದರ್ತಾವ." ಈ ಪರೀಕ್ಷೆಯಲ್ಲಿ ಬಿದ್ದ ಹಾಡನ್ನು ಅವರು ಮತ್ತೆ ಮೊದಲಿನಿಂದ ಮಾಡುತ್ತಿದ್ದರು, ಯಾರು ಏನೆಂದರೂ ಕೇಳುತ್ತಿರಲಿಲ್ಲ.

ಇಂಥ ದಿನಗಳಲ್ಲಿ ಪುಣೆಯಿಂದ ಒಬ್ಬ ಮಾರುವವನು ಸೀಡಿ ಹಿಡಿದುಕೊಂಡು ಬಂದ. ಕಂಪ್ಯೂಟರಿನ ಒಳಗೇ ಕೂತು ದನಿಗೆ ಬೇಕಾದ ಬಣ್ಣ ಹಚ್ಚುವ ಸಾಫ್ಟ್‌ವೇರ್ ತುಣುಕುಗಳು. ಪ್ಲಗ್-ಇನ್ ಎಂದ. ಒಂದು ಹಚ್ಚಿದರೆ ದೊಡ್ಡ ಸಭಾಗೃಹದಲ್ಲಿ ಹಾಡಿದಂತೆ, ಇನ್ನೊಂದು ಹಚ್ಚಿದರೆ ಒಬ್ಬಳು ಇಬ್ಬರಾದಂತೆ, ಮತ್ತೊಂದಕ್ಕೆ ಸಣ್ಣ ದನಿ ತುಂಬಿಕೊಂಡು ಬರುತ್ತದೆ. ಹೀಗೆ ಒಂದು ರಾಶಿ. ಬಿಡಿಯಾಗಿ ಕೊಡುವುದಿಲ್ಲ, ಇಡೀ ಕಟ್ಟನ್ನೇ ಕೊಳ್ಳಬೇಕು. ಬೆಲೆ ಕೇಳಿ ಸಾವಕಾರರ ಬಾಯಲ್ಲಿದ್ದ ಎಲೆ ಅಡಿಕೆ ಅಲ್ಲೇ ನಿಂತಿತು.

"ಈ ಗಠ್ಠಾದ ಆಟ ನಮಗ ಗೊತ್ತದರಿ. ನಾವೂ ಹಿಂಗ ಮಾಡ್ತೀವಿ. ಮ್ಯಾಲ ಎರಡು ಛಲೋ ಚಾದರ, ಅದರ ಬುಡಕ ಹೋಗಲಾರದ ಮಾಲು ಕಟ್ಟಿ ತಲಿಗಿ ಹಚ್ಚೂದು" ಎಂದರು.

ಮಾರುವವನು ನಕ್ಕು, ಒಂದಷ್ಟು ದಿನ ಪುಕ್ಕಟೆ ಹಚ್ಚಿ ನೋಡಿ ಎಂದು ಡೆಮೋ ಹಾಕಿಕೊಟ್ಟ. ಆದರೆ ಅದಕ್ಕೊಂದು ಕೊಕ್ಕೆ ಇತ್ತು. ದುಡ್ಡು ಕೊಟ್ಟು ಕೊಳ್ಳುವ ತನಕ ನಡುನಡುವೆ ಒಂದು ಕ್ಷಣ ದನಿ ಪೂರ್ತಿ ಸತ್ತುಹೋಗುತ್ತದೆ, ಮತ್ತೆ ಬರುತ್ತದೆ. ಡೆಮೋದಲ್ಲೇ ಕೆಲಸ ಮುಗಿಸಿಕೊಳ್ಳದಿರಲೆಂದು ಮಾಡಿದ ಉಪಾಯ. ಹಾಡು ಕೇಳುತ್ತ ಕೂತರೆ ತಟಕ್ಕನೆ ಒಂದು ತೂತು.

ಸಾವಕಾರರು ಎದ್ದು ನಿಂತು ಹೇಳಿದ್ದು ನನಗೆ ನೆನಪಿದೆ. "ಕಾಕಾ, ಇದು ನಿಮ್ಮ ಕಿವಿ ಮ್ಯಾಲ ಬಿಟ್ಟದ್ದು. ಕೊಳ್ಳೂ ಹಂಗ ಅದ ಅಂದ್ರ ಕೊಳ್ತೀನಿ, ಮೊದಲ ಕ್ಯಾಸೆಟ್ ಈ ತಂಗೀದು. ಅಲ್ಲ ಅಂದ್ರ ಈ ಧಂದಾನ ಬ್ಯಾಡ. ಇಫೆಕ್ಟ್ ಇಲ್ಲದ ಕ್ಯಾಸೆಟ್ ಈಗ ಯಾರು ತಗೋತಾರ? ನಾ ನನ್ನ ಚಾದರ ಮಾರ್ಕೊಂಡಿರ್ತೀನಿ."

ಹಾಗಾಗಿ ನನ್ನ ಕ್ಯಾಸೆಟ್ ಬರುವುದು ಬಿಡುವುದು ಕಾಕಾನ ಒಂದು ಮಾತಿಗೆ ಬಂದು ನಿಂತಿತು. "ಅವಸರ ಮಾಡಬ್ಯಾಡ್ರಿ. ಚಾದರ ಒಗದ ಮ್ಯಾಲ ಅದರ ಬಣ್ಣ ತಿಳಿತದ. ನಾ ಒಂದೀಟು ಒಗದು ನೋಡ್ತೀನಿ" ಎಂದರು ಕಾಕಾ. ನನಗೆ ಆ ದಿನಗಳಲ್ಲಿ ಬರಬೇಡವೆಂದರು, ಒಬ್ಬರೇ ಕೂತು ಕೇಳಬೇಕಂತೆ. ಕಾಕು ಸಂತೆಯಲ್ಲಿ ಸಿಕ್ಕಾಗ, "ಊಟಕ್ಕ ಸೈತ ಕೆಳಗ ಇಳಿವಲ್ರು. ನಿನ್ನ ಹಾಡ ಹಚ್ಕೊಂಡು ಕುಂತಾರ" ಎಂದರು. ಇಷ್ಟು ಮನಸ್ಸಿಟ್ಟು ನನ್ನ ಸಲುವಾಗಿ ನೋಡುತ್ತಿದ್ದಾರಲ್ಲ ಎಂದು ನನ್ನ ಎದೆ ತುಂಬಿ ಬಂತು.

ಗುರುವಾರ ಕಾಕಾ, ಸಾವಕಾರರು, ನಾನು ಮೂವರೂ ಅಕ್ಕಲಕೋಟಕ್ಕೆ ಹೋದೆವು. ಮೊದಲು ನನ್ನ ಹಾಡನ್ನು ಇದ್ದ ಹಾಗೇ ಹಚ್ಚಿಸಿದರು. ಯಾರೋ ಒಬ್ಬ ಮುದುಕಿ ನಿಂತಳು. ಅವಳೂ ಚಪ್ಪಲಿ ಸರಿಮಾಡಿಕೊಳ್ಳಲು ನಿಂತವಳು. ಆಮೇಲೆ ಇಫೆಕ್ಟ್ ಹಚ್ಚಿದ್ದನ್ನು ಹಾಕಿದರು. ನನ್ನದೇ ದನಿ ಗೋಪುರದಷ್ಟು ಎತ್ತರಕ್ಕೆ ಎದ್ದಿತು. ಹಾದಿಯಲ್ಲಿ ಒಬ್ಬರ ಹಿಂದೆ ಒಬ್ಬರು ನಿಂತರು. ಹೂವಿನ ಬುಟ್ಟಿ ಹೊತ್ತವಳು ನಿಂತಳು, ಕಾಯಿ ಒಡೆಯಲು ಓಡುತ್ತಿದ್ದವನು ನಿಂತ. ಆಗ ಸರಿಯಾಗಿ ಆ ತೂತು ಬಂತು. ದನಿ ಸತ್ತಿತು. ಅದೇ ಗಳಿಗೆಗೆ ಗುಡಿಯಲ್ಲಿ ಯಾರೋ ಗಂಟೆ ಹೊಡೆದರು. ದನಿ ಮತ್ತೆ ಬಂತು. ತೂತು ಯಾರಿಗೂ ಗೊತ್ತೇ ಆಗಲಿಲ್ಲ. ಕಾಕಾ ಮಾತ್ರ ಕಾಲು ನೋಡುವುದನ್ನು ಬಿಟ್ಟು ಗುಡಿಯ ಕಡೆ ತಿರುಗಿ ನೋಡಿದರು. ಕೈ ಮುಗಿಯುತ್ತಿದ್ದಾರೆ ಎಂದುಕೊಂಡೆ.

ಆಮೇಲೆ ಮೊಣಕಾಲ ಮೇಲಿನ ಟೊಪ್ಪಿಗೆ ಎತ್ತಿಕೊಂಡು ಕೊಡವಿದರು. "ಬ್ಯಾಡ್ರಿ ಸಾವಕಾರ್ರ. ಕೊಳ್ಳೂ ಮಾಲಲ್ಲ ಇದು."

"ಅಲ್ರಿ, ಮಂದಿ ನಿಂತಿತಲ್ಲ?" ಎಂದರು ಸಾವಕಾರರು.

"ನಿಂತದ್ದು ಬೆರಗಿಗಿ. ನಾಳಿಗಿ ಹೋಗ್ತದ ಆ ಬೆರಗು. ಈ ತಂಗಿ ದನಿ ಅದರಾಗ ಸಾಯ್ತದ. ನಾ ಹೂಂ ಅನ್ನಂಗಿಲ್ಲ."

ಹಿಂದೆಂದೂ ಕಾಲಿನ ತೀರ್ಪು ಮೀರದ ಮನುಷ್ಯ ನನ್ನ ದನಿಗಾಗಿ ಅದನ್ನು ಮೀರಿದರು. ಬರುವಾಗ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಕೂತು ನಾನು ಅತ್ತೆ. ಕ್ಯಾಸೆಟ್ ಹೋಯಿತು ಎಂದಲ್ಲ. ನನ್ನನ್ನು ಇಷ್ಟು ಕಾಯುವವರು ಒಬ್ಬರಿದ್ದಾರೆ ಎಂದು ಅತ್ತೆ. ಈ ಒಂದು ಅಳುವನ್ನು ನೆನೆಸಿಕೊಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಸಾವಕಾರರು ಹೇಳಿದಂತೆ ಚಾದರಕ್ಕೆ ಮರಳಿದರು. ಹಾಡುಗಳೆಲ್ಲ ಕಾಕಾನ ಬಳಿಯೇ ಉಳಿದವು. ಅವ್ವ ಮೊದಮೊದಲು, "ಯಾವಾಗ ಬರ್ತದ ನಮ್ಮ ಕ್ಯಾಸೆಟ್?" ಎಂದು ಕೇಳುತ್ತಿದ್ದಳು. ಆಮೇಲೆ ಕೇಳುವುದು ಬಿಟ್ಟಳು.

ಮಳೆಗಾಲ ಕಳೆದ ಮೇಲೆ ಒಂದು ಗುರುವಾರ ಅವ್ವನನ್ನು ಕರೆದುಕೊಂಡು ಅಕ್ಕಲಕೋಟಕ್ಕೆ ಹೋಗಿದ್ದೆ. ಅದೇ ಹಾದಿಯಲ್ಲಿ ನಡೆಯುವಾಗ ಅವ್ವ ಗಕ್ಕನೆ ನಿಂತಳು. ಅವಳೊಬ್ಬಳೇ ಅಲ್ಲ, ಅಂಗಡಿಯ ಮುಂದೆ ಒಂದು ಗುಂಪೇ ನಿಂತಿತ್ತು.

"ಏ, ಇದು ನನ್ನ ಹಾಡಲ್ಲೇನ? ಹಿಟ್ಟು ನಾದೂದು?" ಎಂದಳು.

ಕರ್ಣದಲ್ಲಿ ಒಬ್ಬಳೇ ಇಬ್ಬರಾಗಿ, ಗುಡಿಯ ಮಾಡಿನಡಿ ನಿಂತವಳಾಗಿ ಹಾಡುತ್ತಿದ್ದವಳು ನಾನೇ. "ಕೈ ತೊಳಿಯೂತನಕ" ಎನ್ನುವ ತನಕ ಬಂತು, ಅಲ್ಲಿ ಟಣ್ ಎಂದು ಗಂಟೆ. "ನಿಲ್ಲೋ" ಎಂಬ ಮಾತು ಇಲ್ಲ. ಮುಂದಿನ ನುಡಿಯಲ್ಲೂ ಗಂಟೆ, ಈ ಸಲ ತಾಳ ತಪ್ಪಿ, ಒಂದು ಮಾತಿನ ನಡುಬೆನ್ನಿಗೆ. ನನಗೆ ತಿಳಿಯಿತು. ಪುಕ್ಕಟೆ ಡೆಮೋದಲ್ಲೇ ಕಾಕಾ ಕೂತು ನನ್ನ ಹಾಡುಗಳಿಗೆಲ್ಲ ಬಣ್ಣ ಹಚ್ಚಿದ್ದರು. ಅದು ಬಿಟ್ಟ ತೂತಿಗೆಲ್ಲ ಒಂದೊಂದು ಗಂಟೆ ಬಡಿದು ಮುಚ್ಚಿದ್ದರು. ಹಾಡುಗಳು ತಮ್ಮ ಕೈಯಲ್ಲೇ ಉಳಿಯಲೆಂದು ಸಾವಕಾರರಿಗೆ ಬೇಡ ಎಂದಿದ್ದರು.

ಅಂಗಡಿಯವನು ಖುಷಿಯಲ್ಲಿದ್ದ. "ಗಂಟಿ ಸಲುವಾಗೇ ತಗೋತದರಿ ಮಂದಿ. ಹೊಡದವರು ಯಾರೂ ಇಲ್ಲ, ತಾನ ಬಾರಿಸ್ತದಂತ. ದೇವರ ಗಂಟಿ ಅಂತಾರ" ಎಂದು ಒಂದು ಕ್ಯಾಸೆಟ್ ನನ್ನ ಕೈಗೆ ಕೊಟ್ಟ. ಮೇಲೆ ಯಾರೋ ಹೆಣ್ಣುಮಗಳ ನಗುವ ಫೋಟೋ, ಅವಳ ಹೆಸರು. ಹಾಡು ಬರೆದವರು ಎಂಬಲ್ಲಿ 'ಪಾರಂಪರಿಕ' ಎಂದಿತ್ತು. ಅಕ್ಷರ ಸಣ್ಣವಿದ್ದವು, ಅವ್ವನಿಗೆ ಓದಿ ಹೇಳಿದೆ.

"ನಾ ಇನ್ನಾ ಬದುಕೀನಲ್ಲ, ಪಾರಂಪರಿಕ ಹ್ಯಾಂಗಾದೆ?" ಎಂದಳು ಅವ್ವ. ಆಮೇಲೆ ಗುಡಿಗೆ ಹೋಗದೆ ಹಾಗೇ ಬಸ್ ಸ್ಟ್ಯಾಂಡಿನ ಕಡೆ ತಿರುಗಿ ನಡೆದಳು. ಅವಳು ಮತ್ತೆ ಹಾಡು ಕಟ್ಟಿದ್ದನ್ನು ನಾನು ಕಾಣೆ.

ಮರುದಿನ ಕೋರ್ಟಿನಿಂದ ಸೀದಾ ವಾಡೆಗೆ ಹೋದೆ. ಕಾಕಾ ಕಂಪ್ಯೂಟರಿಗೆ ಚಾದರ ಹೊಚ್ಚುತ್ತಿದ್ದರು. ಕ್ಯಾಸೆಟ್ ಅವರ ಮುಂದೆ ಇಟ್ಟೆ. ಅದನ್ನು ನೋಡಿ ಒಂದು ಚಹಾ ಹೇಳಿದರು. ನಾನು ಒಲ್ಲೆ ಎಂದೆ.

"ಯಾಕ ಕಾಕಾ?" ಎಂದು ಕೇಳಿದೆ.

"ಪುಣೆದ ಕ್ಯಾಸೆಟ್ ಕಂಪನಿಯಾಂವ ಒಬ್ಬ ಕೇಳಿದ. ಕೊಟ್ಟೆ. ನಿನ್ನ ಹೆಸರಿಲೆ ಯಾರು ತಗೋತಿದ್ರು ತಂಗಿ? ಆ ಫೋಟೋದಾಕಿಗಿ ಆಗಲೇ ಗಿರಾಕಿ ಅದಾರ."

"ನನ್ನ ದನಿಗಿ ಏನೂ ಹಚ್ಚಬಾರದಂತ ನೀವ ಅಂದಿದ್ರಿ. ಅದು ಕೊಳ್ಳೂ ಮಾಲಲ್ಲ ಅಂದಿದ್ರಿ."

"ಅಂದಿದ್ದೆ. ಈಗೂ ಅಂತೀನಿ." ಚಾದರದ ತುದಿ ಸರಿಮಾಡಿದರು. "ನಾ ಕೊಂಡೆನ?"

ಮೋಸಕ್ಕಿಂತ ನನಗೆ ಹೆಚ್ಚು ಚುಚ್ಚಿದ್ದು ಈ ಮಾತು. ಅಷ್ಟು ಹೊತ್ತೂ ಟೊಪ್ಪಿಗೆ ಅವರ ತಲೆಯ ಮೇಲೆಯೇ ಇತ್ತು. ನಾನು ಆಡಿದ್ದನ್ನು ಅವರು ಕೇಳಲೇ ಇಲ್ಲ ಎಂದು ಮೆಟ್ಟಿಲು ಇಳಿಯುವಾಗ ಗೊತ್ತಾಯಿತು. ಕೆಳಗೆ ಕಾಕು ಕರೆದರೂ ನಿಲ್ಲದೆ ಬಂದೆ.

ನನ್ನ ದನಿಗೆ ಏನೂ ಬೇಡ ಎಂದು ಆವತ್ತು ಅಂದದ್ದು ನಿಜವೋ, ಅದೂ ಸುಳ್ಳೋ? ಸಿಟ್ಟು ಇಳಿದ ಮೇಲೂ ಈ ಪ್ರಶ್ನೆ ಇಳಿಯಲಿಲ್ಲ. ಹಾಡಲು ಬಾಯಿ ತೆಗೆದರೆ ಇದೇ ಅಡ್ಡ ಬರುತ್ತಿತ್ತು. ಹಾಡುವುದನ್ನೇ ಬಿಟ್ಟೆ. ಹಣ ಕೇಳಿದೆಯಾ ಎಂದು ಓಣಿಯವರು ವಿಚಾರಿಸಿದರು. ನನಗೆ ಬೇಕಾಗಿದ್ದದ್ದು ಆ ಒಂದು ಮಾತು, ಅದನ್ನು ಅವರು ನನ್ನಿಂದ ಕಿತ್ತುಕೊಂಡಿದ್ದರು.

ಮರುವರ್ಷ ಕಾಕಾ ಹೋದರು. ಟೇಪ್ ಕೇಳುತ್ತ ಕೂತಲ್ಲೇ ಹೋದರಂತೆ. ಮಣ್ಣಿಗೆ ನಾನು ಹೋಗಲಿಲ್ಲ. ಹದಿಮೂರನೆಯ ದಿನಕ್ಕೆ ಕಾಕು ತಾವೇ ಬಂದು ಕರೆದರು. ಅವರಿಗೆ ಏನೂ ಗೊತ್ತಿರಲಿಲ್ಲ, ಕ್ಯಾಸೆಟ್ಟಿನಲ್ಲಿ ನಮ್ಮ ಹಾಡನ್ನು ಫೋಟೋದ ಹೆಣ್ಣುಮಗಳೇ ಹಾಡಿದ್ದಾಳೆ ಎಂದುಕೊಂಡಿದ್ದರು. "ಬರಲಾರದಂಥದ್ದು ಏನಾಗ್ಯದ ತಂಗಿ? ಅವರಿಗಿ ನಿನ್ನ ಮ್ಯಾಲ ಬಾಳ ಜೀವ ಇತ್ತು" ಎಂದರು. ಆ ಮುಖಕ್ಕೆ ಒಲ್ಲೆ ಎನ್ನಲಾಗಲಿಲ್ಲ.

ವಾಡೆಯ ಅಂಗಳ ತುಂಬಿತ್ತು. ಹಾಡುಗಾರರು, ತಬಲಾದವರು, ಸಾವಕಾರರು, ಎಲ್ಲರೂ ಕಾಕಾನ ಕಿವಿಯ ಬಗ್ಗೆ ಮಾತಾಡಿದರು. ಊಟಕ್ಕೆ ಏಳುವ ಮುಂಚೆ ಕಾಕು ಒಳಗಿನಿಂದ ಟೇಪ್ ರೆಕಾರ್ಡರ್ ತಂದಿಟ್ಟರು.

"ಕಡೀ ದಿನ ಇದನ್ನ ಕೇಳ್ತಿದ್ರು. ಟೊಪಗಿ ಮೊಣಕಾಲ ಮ್ಯಾಲ ಹಂಗ ಇತ್ತು" ಎಂದು ಗುಂಡಿ ಒತ್ತಿದರು.

ಅವ್ವನ ಹಾಡು. ಜನ ಕಣ್ಣು ಮುಚ್ಚಿದರು. ಯಾರೋ ಪಕ್ಕದವರಿಗೆ, ಈಗ ಬರ್ತದ ನೋಡ್ರಿ ದೇವರ ಗಂಟಿ ಎಂದು ಪಿಸುಗುಟ್ಟಿದರು. ನಾನು ಕಂಬಕ್ಕೆ ಒರಗಿ ನೆಲ ನೋಡುತ್ತ ಕೂತಿದ್ದೆ. ಟೊಪ್ಪಿಗೆ ಕೊಡವಲು ಅವರಿಗೆ ಹೊತ್ತು ಸಿಗಲಿಲ್ಲವೋ, ತಲೆಗೆ ಹಾಕಿಕೊಳ್ಳಲು ಹೊತ್ತು ಸಿಗಲಿಲ್ಲವೋ, ಇನ್ನು ಯಾರನ್ನು ಕೇಳಲಿ?

*ಹಿಟ್ಟು ನಾದೂವಾಗ ಬಂದ್ಯಲ್ಲೋ ದೇವಾ, ಕೈ ತೊಳಿಯೂತನಕ...*

ಟಣ್.

"ನಿಲ್ಲೋ" ಎಂದು ಹಾಡಿದೆ. ಹಾಡಬೇಕೆಂದು ಹಾಡಿದ್ದಲ್ಲ, ತಾನಾಗಿ ಬಂತು. ಇಡೀ ಅಂಗಳಕ್ಕೆ ಕೇಳುವಷ್ಟು ಗಟ್ಟಿಯಾಗಿಯೇ ಬಂತು. ತಲೆಗಳು ನನ್ನ ಕಡೆ ತಿರುಗಿದವು. ಟೇಪ್ ನಡೆದೇ ಇತ್ತು. ಮತ್ತೆ ಗಂಟೆ ಬಿತ್ತು, ಅದರ ಕೆಳಗಿದ್ದ ಮಾತನ್ನೂ ಹಾಡಿದೆ. ಅದರ ಮುಂದಿನದನ್ನೂ. ಸಾವಕಾರರು ಒಮ್ಮೆ ಟೇಪನ್ನು, ಒಮ್ಮೆ ನನ್ನನ್ನು ನೋಡಿದರು. ಕಾಕುವಿನ ಕೈ ಬಾಯಿಗೆ ಹೋಯಿತು.

"ಇದು ನೀನ ಏನ ತಂಗಿ?" ಎಂದರು.

ಹೌದೆಂದು ತಲೆಯಾಡಿಸಿದೆ. ಕಾಕು ಎದ್ದು ಬಂದು ಟೇಪಿನ ಗುಂಡಿ ಒತ್ತಿ ನಿಲ್ಲಿಸಿದರು. ಆಮೇಲೆ ನೆಲದ ಮೇಲೆ ನನ್ನೆದುರಿಗೇ ಕೂತರು.

"ಮೊದಲಿಂದ ಹಾಡು" ಎಂದರು.